ಎಂಟನೇ ದಿನ ಕೈಗೆ ಬರುವ ಸ್ಟೋರಿ: ಅಜೈಲ್ ತಂಡದಲ್ಲಿ ಟೆಸ್ಟಿಂಗ್ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ನಾಲ್ಕು ವರ್ಷದಿಂದ ಮ್ಯಾನುಯಲ್ ಟೆಸ್ಟರ್ ಆಗಿದ್ದೇನೆ. ನಮ್ಮದು ಬಸ್ ಟಿಕೆಟ್ ಬುಕಿಂಗ್ ಆ್ಯಪ್. ಆರು ಜನ ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು, ಎರಡು ವಾರದ ಸ್ಪ್ರಿಂಟ್ (ಒಂದು ಸುತ್ತು ಕೆಲಸದ ಅವಧಿ). ಎಂಟನೇ ದಿನ ಸಂಜೆ ಎಲ್ಲ ಸ್ಟೋರಿಗಳೂ (ಆ್ಯಪ್‌ಗೆ ಸೇರಿಸಬೇಕಾದ ಒಂದೊಂದು ಸೌಲಭ್ಯದ ಕೆಲಸ) ಒಟ್ಟಿಗೆ ನಮ್ಮ ಮೇಲೆ ಬಂದು ಬೀಳುತ್ತವೆ. ರಿಗ್ರೆಶನ್‌ಗೇ, ಅಂದರೆ ಹಳೆಯದೆಲ್ಲ ಇನ್ನೂ ಸರಿಯಿದೆಯೇ ಎಂದು ಮತ್ತೆ ನೋಡುವುದಕ್ಕೇ, ಮೂರು ದಿನ ಬೇಕು. ಬಗ್ ಹಿಡಿದರೆ ‘ಸ್ಪ್ರಿಂಟ್ ಕೆಡಿಸಿದಿರಿ’ ಅನ್ನುತ್ತಾರೆ, ತಪ್ಪಿಸಿಕೊಂಡು ಹೋದರೆ ‘ಏನು ಟೆಸ್ಟ್ ಮಾಡಿದಿರಿ’ ಅನ್ನುತ್ತಾರೆ. ಈಗ ‘ಎಲ್ಲವನ್ನೂ ಆಟೊಮೇಟ್ ಮಾಡಿ’ ಎಂಬ ಆದೇಶ ಬಂದಿದೆ. ಹೀಗೆ ಸಣ್ಣ ಸುತ್ತುಗಳಲ್ಲಿ ಸಾಫ್ಟ್‌ವೇರ್ ಕಟ್ಟುವ ಅಜೈಲ್‌ ಪದ್ಧತಿಯಲ್ಲಿ ಟೆಸ್ಟರ್‌ಗೆ ನಿಜವಾಗಿ ಜಾಗ ಇದೆಯೇ?

ಉತ್ತರ: ಜಾಗ ಇದೆ. ಅದು ಶುರುವಾಗುವುದು ಸ್ಪ್ರಿಂಟ್‌ನ ಮೊದಲ ದಿನಕ್ಕೂ ಮುಂಚೆ. ನಿಮ್ಮ ತಂಡ ಆ ಜಾಗವನ್ನು ಖಾಲಿ ಬಿಟ್ಟು ಇಡೀ ಕೆಲಸವನ್ನು ಕೊನೆಗೆ ತಳ್ಳಿದೆ. ಲೆಕ್ಕ ಹಾಕಿ ನೋಡಿ. ಎರಡು ವಾರದ ಸ್ಪ್ರಿಂಟ್‌ನಲ್ಲಿ ಹತ್ತು ಕೆಲಸದ ದಿನ. ಮೊದಲ ದಿನದ ಅರ್ಧ ಪ್ಲಾನಿಂಗ್‌ಗೆ ಹೋಗುತ್ತದೆ, ಕೊನೆಯ ದಿನದ ಅರ್ಧ ರಿವ್ಯೂ ಮತ್ತು ರೆಟ್ರೊಗೆ (ಸ್ಪ್ರಿಂಟ್ ಹೇಗೆ ನಡೆಯಿತು ಎಂದು ತಂಡ ಹಿಂತಿರುಗಿ ನೋಡುವ ಸಭೆ). ಎಂಟನೇ ದಿನ ಸಂಜೆ ಸ್ಟೋರಿ ಬಂದರೆ ನಿಮಗೆ ಉಳಿಯುವುದು ಒಂದೂವರೆ ದಿನ. ಅದರಲ್ಲಿ ಮೂರು ದಿನದ ರಿಗ್ರೆಶನ್ ಹಿಡಿಸುವುದಿಲ್ಲ, ನೀವು ಎಷ್ಟೇ ಚುರುಕಾಗಿದ್ದರೂ ಹಿಡಿಸುವುದಿಲ್ಲ. ಒಂದು ಹಂತ ಪೂರ್ತಿ ಮುಗಿದ ಮೇಲೆಯೇ ಮುಂದಿನದು ಎಂಬ ಆರು ತಿಂಗಳ ವಾಟರ್‌ಫಾಲ್ ಪದ್ಧತಿಯನ್ನೇ ಎರಡು ವಾರದ ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದೀರಿ, ಅಷ್ಟೆ.

ಈ ಗೊಂದಲಕ್ಕೆ ಹಳೆಯ ಬೇರು ಒಂದಿದೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಹದಿನೇಳು ಮಂದಿ ಸೇರಿ ಅಜೈಲ್ ಮ್ಯಾನಿಫೆಸ್ಟೊ ಬರೆದರು. ಅದರ ನಾಲ್ಕು ಮೌಲ್ಯಗಳಲ್ಲಾಗಲಿ, ಜೊತೆಗಿರುವ ಹನ್ನೆರಡು ತತ್ವಗಳಲ್ಲಾಗಲಿ ‘ಟೆಸ್ಟಿಂಗ್’ ಎಂಬ ಪದವೇ ಬರುವುದಿಲ್ಲ. ಅಜೈಲ್ ತಂಡಗಳು ಬಳಸುವ ಸ್ಕ್ರಮ್ ಎಂಬ ಚೌಕಟ್ಟಿನ ಕೈಪಿಡಿ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲೂ ಪ್ರಾಡಕ್ಟ್ ಓನರ್ (ಏನು ಕಟ್ಟಬೇಕೆಂದು ನಿರ್ಧರಿಸುವವರು), ಸ್ಕ್ರಮ್ ಮಾಸ್ಟರ್ (ಪದ್ಧತಿ ಸರಿಯಾಗಿ ನಡೆಯುವಂತೆ ನೋಡುವವರು), ಡೆವಲಪರ್‌ಗಳು ಎಂಬ ಮೂರೇ ಹೊಣೆಗಳಿವೆ. ಇದನ್ನು ಓದಿ ಕೆಲವು ಕಂಪನಿಗಳು ಟೆಸ್ಟರ್‌ಗಳೇ ಬೇಡ ಎಂದುಕೊಂಡವು. ಇನ್ನು ಕೆಲವು ಹಳೆಯ ಕ್ಯೂಎ (ಗುಣಮಟ್ಟ ಪರೀಕ್ಷೆಯ) ವಿಭಾಗವನ್ನು ಹಾಗೇ ಉಳಿಸಿಕೊಂಡು ದಿನಕ್ಕೊಂದು ಸ್ಟ್ಯಾಂಡಪ್ ಕಿರುಸಭೆ ಸೇರಿಸಿದವು. ಎರಡೂ ತಪ್ಪು ಓದು. ಸ್ಕ್ರಮ್‌ನಲ್ಲಿ ಪ್ರಾಡಕ್ಟ್ ಕಟ್ಟಲು ಕೈಜೋಡಿಸುವ ಎಲ್ಲರೂ ‘ಡೆವಲಪರ್‌ಗಳು’, ಅದರಲ್ಲಿ ನೀವೂ ಇದ್ದೀರಿ. ಮ್ಯಾನಿಫೆಸ್ಟೊ ಕೂಡ ಕೆಲಸ ಮಾಡುವ ಸಾಫ್ಟ್‌ವೇರೇ ಪ್ರಗತಿಯ ಮುಖ್ಯ ಅಳತೆ ಅನ್ನುತ್ತದೆ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸದೆ ಅಳೆಯುವುದಾದರೂ ಹೇಗೆ? ಆ ಹದಿನೇಳು ಮಂದಿಯಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯ ಕಡೆಯಿಂದ ಬಂದವರಿದ್ದರು. ಕೋಡ್‌ಗಿಂತ ಮೊದಲು ಟೆಸ್ಟ್ ಬರೆಯುವುದು ಅವರಿಗೆ ಆಗಲೇ ರೂಢಿಯಾಗಿತ್ತು.

ಕೋಡ್‌ಗೆ ಮುಂಚಿನ ಅರ್ಧ ಗಂಟೆ

ನಿಮ್ಮ ಆ್ಯಪ್‌ನಂಥದ್ದರಲ್ಲೇ ಬರುವ ಒಂದು ಸ್ಟೋರಿ ತೆಗೆದುಕೊಳ್ಳೋಣ: ‘ಒಂದೇ ಟಿಕೆಟ್‌ನಲ್ಲಿರುವ ಸೀಟುಗಳಲ್ಲಿ ಕೆಲವನ್ನು ಮಾತ್ರ ರದ್ದು ಮಾಡಲು ಪ್ರಯಾಣಿಕರಿಗೆ ಅವಕಾಶ ಇರಬೇಕು.’ ನಿಯಮ ಹೀಗಿದೆ ಎಂದುಕೊಳ್ಳಿ: ಬಸ್ ಹೊರಡಲು 24 ಗಂಟೆಗಿಂತ ಹೆಚ್ಚು ಇದ್ದರೆ 10% ಕಡಿತ, 12ರಿಂದ 24 ಗಂಟೆ ಇದ್ದರೆ 25%, ಅದಕ್ಕಿಂತ ಕಡಿಮೆ ಇದ್ದರೆ 50%. ಓದಲು ಸರಳವಾಗಿದೆ. ಡೆವಲಪರ್ ಮೂರು ದಿನದಲ್ಲಿ ಮುಗಿಸಬಹುದು.

ಈಗ ಒಬ್ಬರು ಮೂರು ಸೀಟು ಬುಕ್ ಮಾಡಿದ್ದಾರೆ. ಸೀಟಿಗೆ ₹650, ಒಟ್ಟು ₹1,950. ಕೂಪನ್‌ನಿಂದ ₹100 ಕಳೆದು ₹1,850 ಕೊಟ್ಟಿದ್ದಾರೆ. 30 ಗಂಟೆ ಮುಂಚೆ ಒಂದು ಸೀಟು ರದ್ದು ಮಾಡುತ್ತಾರೆ. 10% ಕಡಿತ ಯಾವುದರ ಮೇಲೆ? ಸೀಟಿನ ಮೂಲ ದರದ ಮೇಲೆ ಅಂದರೆ ₹585 ಹಿಂತಿರುಗುತ್ತದೆ. ಕೂಪನ್ ಹಂಚಿ ನೋಡಿದರೆ ಆ ಸೀಟಿಗೆ ಕೊಟ್ಟದ್ದು ₹616.67, ಹಿಂತಿರುಗಬೇಕಾದ್ದು ₹555. ಮೊದಲ ಲೆಕ್ಕದಲ್ಲಿ ಅವರು ಮೂರು ಸೀಟನ್ನೂ ಒಂದೊಂದಾಗಿ ರದ್ದು ಮಾಡಿದರೆ ಒಟ್ಟು ₹1,755 ಸಿಗುತ್ತದೆ, ಮೂರನ್ನೂ ಒಟ್ಟಿಗೆ ರದ್ದು ಮಾಡಿದಾಗ ಕೊಟ್ಟ ₹1,850ರ ಮೇಲೆ 10% ಕಡಿದರೆ ₹1,665. ಒಂದೇ ಟಿಕೆಟ್, ಒಂದೇ ಹೊತ್ತು, ₹90 ವ್ಯತ್ಯಾಸ. ಇದು ಗೊತ್ತಾದವರು ಇನ್ನು ಮುಂದೆ ಒಂದೊಂದಾಗಿಯೇ ರದ್ದು ಮಾಡುತ್ತಾರೆ. ಎರಡನೇ ಲೆಕ್ಕ ಹಿಡಿದರೂ ಪೈಸೆ ಕತ್ತರಿಸುವ ಕಡೆ ಎಚ್ಚರ ಬೇಕು. 1,850ನ್ನು ಮೂರರಿಂದ ಭಾಗಿಸಿ ₹616 ಎಂದು ಇಟ್ಟುಕೊಂಡರೆ ಮೂರು ಸೀಟಿಗೆ ₹1,848 ಆಗಿ ಎರಡು ರೂಪಾಯಿ ಎಲ್ಲೂ ಸೇರದೆ ಉಳಿಯುತ್ತದೆ. ಅಕೌಂಟ್ಸ್‌ನವರು ತಿಂಗಳ ಕೊನೆಗೆ ತಾಳೆ ನೋಡುವಾಗ ಆ ಎರಡು ರೂಪಾಯಿಗಾಗಿ ಗಂಟೆಗಟ್ಟಲೆ ಹುಡುಕುತ್ತಾರೆ.

ಇದು ಎಂಟನೇ ದಿನ ನಿಮ್ಮ ಕಣ್ಣಿಗೆ ಬಿದ್ದರೆ ಬಗ್. ಪ್ರಾಡಕ್ಟ್ ಓನರ್ ಅನ್ನು ಕೇಳಬೇಕು, ಅವರು ಫೈನಾನ್ಸ್‌ನವರನ್ನು ಕೇಳಬೇಕು, ಡೆವಲಪರ್ ಬರೆದದ್ದನ್ನು ಬಿಚ್ಚಬೇಕು, ನೀವು ಮತ್ತೆ ಮೊದಲಿಂದ ನೋಡಬೇಕು. ಸ್ಪ್ರಿಂಟ್‌ಗೆ ಎರಡು ದಿನ ಮುಂಚೆ ಇದನ್ನೇ ಕೇಳಿದರೆ ಒಂದು ಪ್ರಶ್ನೆ, ಒಂದು ಉತ್ತರ. ನಿಮ್ಮನ್ನು ‘ಸ್ಪ್ರಿಂಟ್ ಕೆಡಿಸಿದವರು’ ಮಾಡಿದ ಬಗ್‌ಗಳನ್ನು ಒಂದು ಸಲ ತಿರುವಿ ನೋಡಿ. ಬಹಳಷ್ಟು ಇಂಥವೇ ಇರುತ್ತವೆ. ಕೋಡ್ ತಪ್ಪಾಗಿರುವುದಿಲ್ಲ, ಯಾರೂ ಕೇಳದ ಪ್ರಶ್ನೆಗೆ ಡೆವಲಪರ್ ತಾನೇ ಒಂದು ಉತ್ತರ ಊಹಿಸಿಕೊಂಡಿರುತ್ತಾರೆ.

ಆದ್ದರಿಂದ ಪ್ರತಿ ಸ್ಟೋರಿಗೂ ಪ್ರಾಡಕ್ಟ್ ಓನರ್, ಅದನ್ನು ಬರೆಯುವ ಡೆವಲಪರ್, ಟೆಸ್ಟರ್ ಮೂವರೂ ಅರ್ಧ ಗಂಟೆ ಕೂರಬೇಕು. ಕೈಯಲ್ಲಿ ಆರರಿಂದ ಹತ್ತು ಉದಾಹರಣೆ ಇರಬೇಕು, ಸಂಖ್ಯೆಗಳ ಸಮೇತ. ‘ಸರಿಯಾದ ಮೊತ್ತ ಹಿಂತಿರುಗಬೇಕು’ ಎಂದು ಬರೆದರೆ ಏನನ್ನೂ ಹೇಳಿದಂತಲ್ಲ. ‘ಮೂರು ಸೀಟು, ₹100 ಕೂಪನ್ ಹೀಗಿರುವಾಗ, 30 ಗಂಟೆ ಮುಂಚೆ ಒಂದು ಸೀಟು ರದ್ದು ಮಾಡಿದರೆ, ₹555 ಹಿಂತಿರುಗಬೇಕು, ಉಳಿದೆರಡು ಸೀಟು ಹಾಗೇ ಇರಬೇಕು’ ಎಂದು ಬರೆದರೆ ಮೂವರಿಗೂ ಒಂದೇ ಅರ್ಥ. ಗಡಿಗಳನ್ನು ಮರೆಯಬೇಡಿ: ಹೊರಡಲು 24 ಗಂಟೆ ಒಂದು ಸೆಕೆಂಡ್ ಇದ್ದಾಗ, ಸರಿಯಾಗಿ 24 ಗಂಟೆ ಇದ್ದಾಗ, ಒಂದು ಸೆಕೆಂಡ್ ಕಡಿಮೆ ಇದ್ದಾಗ. 12 ಗಂಟೆಗೂ ಹಾಗೆಯೇ. ಬಸ್ ತಡವಾಗಿ ಹೊರಟರೆ ಲೆಕ್ಕ ಯಾವ ಸಮಯದಿಂದ? ಬೆಂಗಳೂರಿನಲ್ಲಿ ಹೊರಡುವ ಸಮಯವೋ, ಪ್ರಯಾಣಿಕರು ತುಮಕೂರಿನಲ್ಲಿ ಹತ್ತುವ ಸಮಯವೋ? ಉತ್ತರ ಸಿಗದ ಪ್ರಶ್ನೆ ಒಂದಾದರೂ ಉಳಿದರೆ ಆ ಸ್ಟೋರಿ ಈ ಸ್ಪ್ರಿಂಟ್‌ಗೆ ಬರಬಾರದು. ಇಲ್ಲಿ ಗಟ್ಟಿಯಾಗಿ ನಿಲ್ಲಬೇಕಾದವರು ನೀವೇ.

ಹೀಗಿರುವಾಗ, ಹೀಗೆ ಮಾಡಿದರೆ, ಹೀಗಾಗಬೇಕು ಎಂಬ ಈ ಧಾಟಿಯಲ್ಲಿ ಬರೆದದ್ದನ್ನೇ ಟೆಸ್ಟ್ ಆಗಿ ಓಡಿಸುವ ಕುಕುಂಬರ್‌ನಂಥ ಸಾಧನಗಳಿವೆ. ಅದರ ಗರ್ಕಿನ್ ಭಾಷೆಯಲ್ಲಿ ಕನ್ನಡದ ಕೀವರ್ಡ್‌ಗಳೂ ಇವೆ ಎಂಬುದು ಸಂತೋಷದ ವಿಷಯ. ಆದರೆ ಸಾಧನಕ್ಕೆ ಅವಸರ ಬೇಡ. ಪ್ರಾಡಕ್ಟ್ ಓನರ್ ಆ ಕಡತಗಳನ್ನು ತೆರೆದೇ ನೋಡದ ತಂಡದಲ್ಲಿ ಕುಕುಂಬರ್ ಇನ್ನೊಂದು ಪದರದ ನಿರ್ವಹಣೆಯ ಹೊರೆ ಮಾತ್ರ. ಅರ್ಧ ಗಂಟೆಯ ಮಾತು, ಸ್ಟೋರಿಯ ಕೆಳಗೆ ಅಂಟಿಸಿದ ಒಂದು ಸಣ್ಣ ಕೋಷ್ಟಕ, ಶುರುವಿಗೆ ಇಷ್ಟು ಸಾಕು.

ಪ್ರಾಡಕ್ಟ್ ಓನರ್ ಅಮೆರಿಕದಲ್ಲಿರುವ ತಂಡಗಳಿಗೆ ಇದು ಇನ್ನೂ ಮುಖ್ಯ. ನ್ಯೂಯಾರ್ಕ್‌ನ ಬೆಳಗಿನ 9 ಗಂಟೆ ಎಂದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಬೆಳಿಗ್ಗೆ ಎದ್ದ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಒಂದು ದಿನ ಹೋಗಿರುತ್ತದೆ. ಇಂಥ ನಾಲ್ಕು ಪ್ರಶ್ನೆ ಸ್ಪ್ರಿಂಟ್ ನಡುವೆ ಎದ್ದರೆ ಎಂಟನೇ ದಿನ ಹತ್ತನೇ ದಿನವಾಗುತ್ತದೆ.

ಮೂರನೇ ದಿನ ಕೈಗೆ ಬರುವಂತೆ ಮಾಡುವುದು

ಸ್ಟೋರಿಗಳು ಒಟ್ಟಿಗೆ ಬಂದು ಬೀಳಲು ಎರಡು ಕಾರಣ: ಅವು ದೊಡ್ಡವು, ಮತ್ತು ಎಲ್ಲವೂ ಒಂದೇ ದಿನ ಶುರುವಾಗಿರುತ್ತವೆ. ಆರು ಡೆವಲಪರ್‌ಗಳು ಆರು ಸ್ಟೋರಿಗಳನ್ನು ಮೊದಲ ದಿನವೇ ಎತ್ತಿಕೊಂಡರೆ ಆರೂ ಸುಮಾರು ಒಂದೇ ಹೊತ್ತಿಗೆ ಮುಗಿಯುತ್ತವೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಮೊದಲು ಸ್ಟೋರಿಯನ್ನು ಸೀಳಿ. ‘ಸ್ಕ್ರೀನ್ ಒಂದು ಸ್ಟೋರಿ, ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಒಂದು ಸ್ಟೋರಿ’ ಎಂದು ಅಡ್ಡಡ್ಡ ಕತ್ತರಿಸಿದರೆ ಎರಡೂ ಸೇರುವವರೆಗೆ ಟೆಸ್ಟ್ ಮಾಡಲು ಏನೂ ಇರುವುದಿಲ್ಲ. ಮೇಲಿಂದ ಕೆಳಕ್ಕೆ ಸೀಳಬೇಕು. ಮೊದಲ ತುಂಡು: ಕೂಪನ್ ಇಲ್ಲದ ಟಿಕೆಟ್, 24 ಗಂಟೆಗಿಂತ ಮುಂಚೆ, ಒಂದು ಸೀಟು ರದ್ದು. ಸ್ಕ್ರೀನ್‌ನಿಂದ ಡೇಟಾಬೇಸ್‌ವರೆಗೆ ಪೂರ್ತಿ ಓಡಬೇಕು. ಎರಡನೇ ತುಂಡು ಉಳಿದ ಎರಡು ಕಡಿತದ ಹಂತಗಳು, ಮೂರನೆಯದು ಕೂಪನ್, ನಾಲ್ಕನೆಯದು ಎಸ್‌ಎಂಎಸ್. ಮೊದಲ ತುಂಡು ಮೂರನೇ ದಿನಕ್ಕೆ ನಿಮ್ಮ ಕೈಯಲ್ಲಿರುತ್ತದೆ.

ಆಮೇಲೆ ಬೋರ್ಡ್‌ನ ‘ರೆಡಿ ಫಾರ್ ಕ್ಯೂಎ’ ಕಾಲಂಗೆ ಮಿತಿ ಹಾಕಿ: ಎರಡು. ಅಲ್ಲಿ ಎರಡು ಸ್ಟೋರಿ ಕಾಯುತ್ತಿದ್ದರೆ ಯಾವ ಡೆವಲಪರ್ ಕೂಡ ಹೊಸದನ್ನು ಎತ್ತಿಕೊಳ್ಳುವಂತಿಲ್ಲ. ಬಂದು ಟೆಸ್ಟ್ ಡೇಟಾ ಸಿದ್ಧ ಮಾಡಬೇಕು, ಎಪಿಐ (ಆ್ಯಪ್ ಸರ್ವರ್ ಜೊತೆ ಮಾತಾಡುವ ದಾರಿ) ಟೆಸ್ಟ್ ಬರೆಯಬೇಕು, ಅಥವಾ ಬೇರೆಯವರ ಸ್ಟೋರಿಯನ್ನು ತಾವೇ ಪರೀಕ್ಷಿಸಬೇಕು. ಮೊದಲ ಎರಡು ಸ್ಪ್ರಿಂಟ್ ಗೊಣಗಾಟ ಇರುತ್ತದೆ. ‘ಡೆವಲಪರ್ ಸುಮ್ಮನೆ ಕೂರಬೇಕಾ’ ಅನ್ನುವವರು ಇರುತ್ತಾರೆ. ಅರೆಬೆಂದ ಆರು ಸ್ಟೋರಿಗಿಂತ ಮುಗಿದ ನಾಲ್ಕು ಸ್ಟೋರಿಗೆ ಬೆಲೆ ಹೆಚ್ಚು ಎಂಬುದನ್ನು ಸ್ಪ್ರಿಂಟ್ ರಿವ್ಯೂನಲ್ಲಿ ಪ್ರಾಡಕ್ಟ್ ಓನರ್ ಬಾಯಿಂದಲೇ ಹೇಳಿಸಿ.

ಇನ್ನೊಂದು ಸಣ್ಣ ರೂಢಿ ದೊಡ್ಡ ಫಲ ಕೊಡುತ್ತದೆ. ಕೋಡ್ ಮರ್ಜ್ ಆಗುವ (ತಂಡದ ಮುಖ್ಯ ಕೋಡ್‌ಗೆ ಸೇರುವ) ಮುಂಚೆ ಡೆವಲಪರ್‌ನ ಲ್ಯಾಪ್‌ಟಾಪ್ ಮುಂದೆಯೇ ಹತ್ತು ಹದಿನೈದು ನಿಮಿಷ ಕೂತು ಒಟ್ಟಿಗೆ ಓಡಿಸಿ ನೋಡಿ. ಆಗ ಸಿಕ್ಕಿದ ತಪ್ಪಿಗೆ ಟಿಕೆಟ್ ಬೇಡ, ಸ್ಕ್ರೀನ್‌ಶಾಟ್ ಬೇಡ, ತೀವ್ರತೆಯ ಬಗ್ಗೆ ವಾದ ಬೇಡ. ಅಲ್ಲೇ ಸರಿಮಾಡಿ, ಅಲ್ಲೇ ಒಂದು ಟೆಸ್ಟ್ ಸೇರಿಸಿ ಮುಗಿಸುವುದು. ಬಗ್ ಟ್ರ್ಯಾಕರ್ ಇರುವುದು ಸ್ಪ್ರಿಂಟ್ ದಾಟಿ ಉಳಿದವುಗಳಿಗೆ ಮತ್ತು ಪ್ರೊಡಕ್ಷನ್‌ನಿಂದ (ಜನ ಬಳಸುತ್ತಿರುವ ಆ್ಯಪ್‌ನಿಂದ) ಬಂದವುಗಳಿಗೆ.

‘ಎಲ್ಲವನ್ನೂ ಆಟೊಮೇಟ್ ಮಾಡಿ’

ಈ ಆದೇಶದ ಉದ್ದೇಶ ಒಳ್ಳೆಯದೇ. ಸಾಮಾನ್ಯವಾಗಿ ಅದನ್ನು ಜಾರಿ ಮಾಡುವ ರೀತಿ ಮಾತ್ರ ಅಪಾಯಕಾರಿ: ಇರುವ ನಾನ್ನೂರು ಮ್ಯಾನುಯಲ್ ಟೆಸ್ಟ್ ಕೇಸ್‌ಗಳನ್ನು ಒಂದೊಂದಾಗಿ ಬ್ರೌಸರನ್ನು ತಾವಾಗಿಯೇ ಓಡಿಸುವ ಸೆಲೆನಿಯಂ ಅಥವಾ ಪ್ಲೇರೈಟ್‌ನಲ್ಲಿ ಸ್ಕ್ರೀನ್ ಮೂಲಕವೇ ಓಡುವ ಸ್ಕ್ರಿಪ್ಟ್ ಮಾಡುವುದು. ಆರು ತಿಂಗಳಲ್ಲಿ ಅದು ಕುಸಿಯುತ್ತದೆ. ಕಾರಣ ಗಣಿತದಲ್ಲೇ ಇದೆ. ಆ್ಯಪ್‌ನಲ್ಲಿ ಯಾವ ದೋಷವೂ ಇಲ್ಲದಾಗ ಒಂದು ಸ್ಕ್ರೀನ್ ಟೆಸ್ಟ್ ಪಾಸ್ ಆಗುವ ಸಾಧ್ಯತೆ 99.5% ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಇಂಥ 200 ಟೆಸ್ಟ್ ಓಡಿಸಿದರೆ ಎಲ್ಲವೂ ಒಟ್ಟಿಗೆ ಹಸಿರಾಗುವ (ಪಾಸ್ ಆಗುವ) ಸಾಧ್ಯತೆ ಸುಮಾರು 37%. ಅಂದರೆ ಮೂರರಲ್ಲಿ ಎರಡು ಸಲ ಬಿಲ್ಡ್ (ಕೋಡ್ ಕಟ್ಟಿ ಎಲ್ಲ ಟೆಸ್ಟ್ ಓಡಿಸುವ ಸುತ್ತು) ಸುಳ್ಳೇ ಕೆಂಪಾಗುತ್ತದೆ. ಎರಡು ವಾರದಲ್ಲಿ ತಂಡ ಕೆಂಪನ್ನು ನೋಡುವುದನ್ನೇ ಬಿಡುತ್ತದೆ, ನಿಜವಾದ ಬಗ್ ಬಂದ ದಿನವೂ ‘ಅದು ಯಾವಾಗಲೂ ಹಾಗೇ’ ಎಂದು ಮುಂದೆ ಹೋಗುತ್ತದೆ.

ಹಾಗಾಗಿ ಯಾವ ಪರೀಕ್ಷೆ ಎಲ್ಲಿ ಇರಬೇಕು ಎಂಬುದು ಮೊದಲ ಪ್ರಶ್ನೆ. ರಿಫಂಡ್ ಲೆಕ್ಕ ಒಂದು ಶುದ್ಧ ಲೆಕ್ಕ. ದರ, ಕೂಪನ್, ಸೀಟುಗಳ ಸಂಖ್ಯೆ, ಉಳಿದ ಸಮಯ ಕೊಟ್ಟರೆ ಮೊತ್ತ ಬರಬೇಕು. ಅದಕ್ಕೆ ಬ್ರೌಸರ್ ತೆರೆಯುವ ಅಗತ್ಯವೇ ಇಲ್ಲ. ನಿಮ್ಮ ಅರ್ಧ ಗಂಟೆಯ ಕೋಷ್ಟಕವನ್ನು ಡೆವಲಪರ್ ಹಾಗೆಯೇ ಜೆಯೂನಿಟ್ ಅಥವಾ ಪೈಟೆಸ್ಟ್‌ನ ಯೂನಿಟ್ ಟೆಸ್ಟ್‌ಗೆ (ಕೋಡ್‌ನ ಒಂದು ತುಂಡನ್ನಷ್ಟೇ ಪರೀಕ್ಷಿಸುವ ಟೆಸ್ಟ್) ಇಳಿಸಬಹುದು. ಹದಿನೈದು ಸಾಲು, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇಲ್ಲಿ ಒಂದು ಷರತ್ತು: ಆ ಫಂಕ್ಷನ್ ಒಳಗಿನಿಂದ ‘ಈಗ ಗಂಟೆ ಎಷ್ಟು’ ಎಂದು ಕಂಪ್ಯೂಟರನ್ನು ಕೇಳಬಾರದು, ಸಮಯವನ್ನು ಹೊರಗಿನಿಂದ ಕೊಡುವಂತಿರಬೇಕು. ಇಲ್ಲದಿದ್ದರೆ ಹಗಲು ಪಾಸ್ ಆಗುವ ಟೆಸ್ಟ್ ಮಧ್ಯರಾತ್ರಿ ಫೇಲ್ ಆಗುತ್ತದೆ.

ಸಮಯದ ವಿಷಯ ಬಂದಿದ್ದರಿಂದ ಒಂದು ಬಗ್ ಅನ್ನು ಹತ್ತಿರದಿಂದ ನೋಡಿ. ರಾತ್ರಿ 10:30ಕ್ಕೆ ಹೊರಡುವ ಬಸ್. ಪ್ರಯಾಣಿಕರು ಅದೇ ದಿನ ಬೆಳಗಿನ ಜಾವ 4 ಗಂಟೆಗೆ ರದ್ದು ಮಾಡುತ್ತಾರೆ. ಉಳಿದಿರುವುದು ಹದಿನೆಂಟೂವರೆ ಗಂಟೆ, ಕಡಿತ 25% ಆಗಬೇಕು. ಸರ್ವರ್ ಓಡುತ್ತಿರುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ, ಅದು ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಅದರ ಗಡಿಯಾರದಲ್ಲಿ ಆಗ ಹಿಂದಿನ ದಿನದ ರಾತ್ರಿ 10:30. ಬಸ್ಸಿನ ಸಮಯವನ್ನು ಮಾತ್ರ ವಲಯದ ಗುರುತಿಲ್ಲದೆ ಭಾರತೀಯ ಸಮಯದಲ್ಲೇ ಉಳಿಸಿದ್ದಾರೆ. ಸರ್ವರ್ ಕಳೆದು ನೋಡಿದರೆ ಸರಿಯಾಗಿ 24 ಗಂಟೆ! ಒಂದು ನಿಮಿಷ ಮುಂಚೆ ರದ್ದು ಮಾಡಿದವರಿಗೆಲ್ಲ 10% ಕಡಿತವಷ್ಟೇ ಆಗುತ್ತದೆ, ನಷ್ಟ ಕಂಪನಿಗೆ. ಡೆವಲಪರ್‌ನ ಲ್ಯಾಪ್‌ಟಾಪ್ ಭಾರತೀಯ ಸಮಯದಲ್ಲಿರುವುದರಿಂದ ಅಲ್ಲಿ ಎಲ್ಲ ಟೆಸ್ಟ್‌ಗಳೂ ಹಸಿರು. ಬಿಲ್ಡ್ ಸರ್ವರ್ ಅನ್ನು ಪ್ರೊಡಕ್ಷನ್‌ನ ಸಮಯ ವಲಯದಲ್ಲೇ ಇಟ್ಟು, ಬೆಳಗಿನ ಜಾವ 3:59ರ ಈ ಉದಾಹರಣೆಯನ್ನು ಒಂದು ಟೆಸ್ಟ್ ಮಾಡಿಟ್ಟರೆ ಇದು ಮತ್ತೆ ತಲೆ ಎತ್ತುವುದಿಲ್ಲ.

ಲೆಕ್ಕದ ಮೇಲಿನ ಪದರ ಎಪಿಐ. ರದ್ದು ಬಟನ್ ಅನ್ನು ಎರಡು ಸಲ ಒತ್ತಿದರೆ ಎರಡು ರಿಫಂಡ್ ಹೋಗುತ್ತದೆಯೇ? ಒಂದೇ ಖಾತೆಗೆ ಎರಡು ಫೋನ್‌ನಿಂದ ಒಳಬಂದು ಅದೇ ಸೀಟನ್ನು ಒಟ್ಟಿಗೆ ರದ್ದು ಮಾಡಿದರೆ? ಬೇರೆಯವರ ಟಿಕೆಟ್ ಸಂಖ್ಯೆ ಕೊಟ್ಟರೆ? ಇವನ್ನು ಎಪಿಐಗೆ ಕೋರಿಕೆ ಕಳಿಸಿ ನೋಡುವ ಪೋಸ್ಟ್‌ಮ್ಯಾನ್‌ ಎಂಬ ಸಾಧನದಲ್ಲಿ ನೀವೇ ಬರೆಯಬಹುದು, ಪ್ರೋಗ್ರಾಮಿಂಗ್ ಹೆಚ್ಚು ಬೇಕಿಲ್ಲ. ಸ್ಕ್ರೀನ್ ಮೂಲಕ ಓಡುವ ಟೆಸ್ಟ್ ಈ ಸ್ಟೋರಿಗೆ ಒಂದೇ ಸಾಕು: ಟಿಕೆಟ್ ತೆರೆದು, ಸೀಟು ಆರಿಸಿ, ರದ್ದು ಮಾಡಿ, ಮೊತ್ತ ಕಾಣಿಸುವವರೆಗೆ.

ಆ ಒಂದು ಟೆಸ್ಟ್ ಕೂಡ ಅಲುಗಾಡದಂತೆ ಬರೆಯಬೇಕು. ‘ಐದು ಸೆಕೆಂಡ್ ಕಾಯಿ’ ಎಂದು ಬರೆದಿದ್ದರೆ ನಿಧಾನವಾದ ದಿನ ಆರನೇ ಸೆಕೆಂಡ್‌ಗೆ ಫೇಲ್ ಆಗುತ್ತದೆ. ಮೊತ್ತ ಕಾಣಿಸುವವರೆಗೆ ಕಾಯಿ, ಗರಿಷ್ಠ ಇಷ್ಟು ಎಂದು ಬರೆಯಿರಿ. ಪ್ರತಿ ಟೆಸ್ಟ್ ತನ್ನದೇ ಟಿಕೆಟ್ ಅನ್ನು ಎಪಿಐ ಮೂಲಕ ಸೃಷ್ಟಿಸಿಕೊಳ್ಳಲಿ. ಎಲ್ಲರೂ ಹಂಚಿಕೊಳ್ಳುವ ಒಂದು ‘ಟೆಸ್ಟ್ ಯೂಸರ್’ ಇದ್ದರೆ ಒಬ್ಬರು ರದ್ದು ಮಾಡಿದ ಟಿಕೆಟ್ ಮೇಲೆ ಇನ್ನೊಬ್ಬರ ಟೆಸ್ಟ್ ಎಡವುತ್ತದೆ. ಫೇಲ್ ಆದರೆ ಮೂರು ಸಲ ಮತ್ತೆ ಓಡಿಸುವ ಸೌಲಭ್ಯವನ್ನು ಸುಮ್ಮನೆ ಹಚ್ಚಿಬಿಡಬೇಡಿ. ಎರಡು ಕೋರಿಕೆಗಳು ಒಂದರ ಮೇಲೊಂದು ಬಂದಾಗ ಮಾತ್ರ ಕಾಣುವ ನಿಜವಾದ ಬಗ್‌ಗಳು ಆ ಮೂರು ಸಲದೊಳಗೆ ಮುಚ್ಚಿಹೋಗುತ್ತವೆ. ಕಾರಣ ತಿಳಿಯದೆ ಫೇಲ್ ಆದ ಟೆಸ್ಟ್ ಅನ್ನು ಅದೇ ದಿನ ಮುಖ್ಯ ಸಾಲಿನಿಂದ ಪಕ್ಕಕ್ಕಿಡಿ, ಆ ಸ್ಪ್ರಿಂಟ್‌ನಲ್ಲೇ ಸರಿಮಾಡಿ ಅಥವಾ ಅಳಿಸಿ. ಕಮಿಟ್ ಮಾಡಿದ ಹತ್ತು ನಿಮಿಷದೊಳಗೆ ಡೆವಲಪರ್‌ಗೆ ಉತ್ತರ ಸಿಗಬೇಕು. ನಲವತ್ತು ನಿಮಿಷವಾದರೆ ಅವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ಕವರೇಜ್ 80% ಇರಬೇಕು ಎಂಬ ಗುರಿಯ ಬಗ್ಗೆ ಎರಡು ಮಾತು. ಕವರೇಜ್ ಹೇಳುವುದು ಟೆಸ್ಟ್ ಓಡುವಾಗ ಆ ಸಾಲು ಓಡಿತು ಎಂದಷ್ಟೇ. ಫಲಿತಾಂಶವನ್ನು ಹೋಲಿಸದ ಟೆಸ್ಟ್‌ಗೂ ಪೂರ್ತಿ ಕವರೇಜ್ ಬರುತ್ತದೆ. ನಿಜ ತಿಳಿಯಬೇಕಾದರೆ ಕೋಡ್‌ನಲ್ಲಿ ಬೇಕೆಂದೇ ತಪ್ಪು ಮಾಡಿ. ‘24ಕ್ಕಿಂತ ಹೆಚ್ಚು’ ಎಂಬಲ್ಲಿ ‘24 ಅಥವಾ ಹೆಚ್ಚು’ ಮಾಡಿ ಟೆಸ್ಟ್ ಓಡಿಸಿ. ಯಾವುದೂ ಫೇಲ್ ಆಗದಿದ್ದರೆ ಆ ಗಡಿಯನ್ನು ಯಾರೂ ಕಾಯುತ್ತಿಲ್ಲ. ಜಾವಾದಲ್ಲಿ ಪಿಐಟಿ, ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರೈಕರ್ ಇದನ್ನು ತಾವಾಗಿಯೇ ಮಾಡುತ್ತವೆ. ಇಡೀ ಪ್ರಾಜೆಕ್ಟ್‌ಗೆ ಬೇಡ, ಹಣ ಮುಟ್ಟುವ ಭಾಗಕ್ಕೆ ಓಡಿಸಿದರೆ ಸಾಕು.

ಕನ್ನಡ ಹೆಸರು ಹಾಕಿ ನೋಡಿದ್ದೀರಾ?

ಕರ್ನಾಟಕದ ಜನ ಬಳಸುವ ಆ್ಯಪ್‌ನಲ್ಲೂ ಟೆಸ್ಟ್ ಡೇಟಾ ಮಾತ್ರ ಇಂಗ್ಲಿಷ್ ಹೆಸರುಗಳೇ ಇರುತ್ತವೆ. ಪ್ರಯಾಣಿಕರ ಹೆಸರಿನ ಜಾಗದಲ್ಲಿ ‘ಲಕ್ಷ್ಮೀ’ ಎಂದು ಟೈಪ್ ಮಾಡಿ. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಲ, ಕ, ವಿರಾಮ (ಸ್ವರ ತೆಗೆದು ಒತ್ತಕ್ಷರ ಮಾಡುವ ಗುರುತು), ಷ, ವಿರಾಮ, ಮ, ಈಕಾರ, ಒಟ್ಟು ಏಳು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಅಂದರೆ 21 ಬೈಟ್. ಅಗಲವನ್ನು 30 ಬೈಟ್ ಎಂದು ಇಟ್ಟ ಕಾಲಂನಲ್ಲಿ ಹತ್ತು ಸಂಕೇತಕ್ಕೇ ಜಾಗ ಮುಗಿಯುತ್ತದೆ. ಒರಾಕಲ್ ಡೇಟಾಬೇಸ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಅಗಲ ಬೈಟ್‌ನಲ್ಲೇ ಎಣಿಕೆಯಾಗುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ ಅಕ್ಷರ ಸಂಕೇತದಲ್ಲಿ. ಇದಲ್ಲದೆ ಆ ಈಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಇಕಾರದ ಗುರುತು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಹುಡುಕಿದರೆ ಒಂದು ಇನ್ನೊಂದಕ್ಕೆ ಸಿಗುವುದಿಲ್ಲ. ಉಳಿಸುವ ಮುಂಚೆ ಎನ್‌ಎಫ್‌ಸಿ ಎಂಬ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್ ರೂಪಕ್ಕೆ ತಂದರೆ ಈ ತೊಂದರೆ ಹೋಗುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ಒತ್ತಾಗದಂತೆ ತಡೆಯುವ ಕಾಣದ ಸಂಕೇತ ಒಂದಿದೆ. ‘ಅಕ್ಷರ ಮಾತ್ರ’ ಎಂದು ಕಟ್ಟುನಿಟ್ಟು ಮಾಡಿದ ಪರಿಶೀಲನೆ ಈ ಹೆಸರನ್ನು ತಪ್ಪು ಎಂದು ತಿರಸ್ಕರಿಸಬಹುದು. ತನ್ನ ಹೆಸರೇ ತಪ್ಪು ಎಂದು ಹೇಳಿಸಿಕೊಂಡ ಪ್ರಯಾಣಿಕರು ಆ ಆ್ಯಪ್‌ಗೆ ಮರಳುವ ಸಂಭವ ಕಡಿಮೆ.

ಎಸ್‌ಎಂಎಸ್‌ನಲ್ಲೂ ಹೀಗೆಯೇ. ಇಂಗ್ಲಿಷಿನ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡವಾದರೆ 70 ಸಂಕೇತ. ಅದು ದಾಟಿದರೆ ಭಾಗಕ್ಕೆ 67ರಂತೆ ಒಡೆಯುತ್ತದೆ. 150 ಸಂಕೇತದ ಕನ್ನಡ ಸಂದೇಶಕ್ಕೆ ಮೂರು ಎಸ್‌ಎಂಎಸ್‌ನ ದುಡ್ಡು. ಇನ್ನೊಂದು ಸೂಕ್ಷ್ಮ: ₹ ಚಿಹ್ನೆ ಎಸ್‌ಎಂಎಸ್‌ನ ಮೂಲ ಅಕ್ಷರಮಾಲೆಯಲ್ಲಿಲ್ಲ. 140 ಅಕ್ಷರದ ಇಂಗ್ಲಿಷ್ ಸಂದೇಶದಲ್ಲಿ ಒಂದು ₹ ಬಂದರೂ ಇಡೀ ಸಂದೇಶ ಯೂನಿಕೋಡ್ ಆಗಿ ಅದೂ ಮೂರು ಭಾಗವಾಗುತ್ತದೆ. ನಮ್ಮಲ್ಲಿ ಸಂದೇಶದ ಟೆಂಪ್ಲೇಟ್‌ಗಳನ್ನು ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಸ್ಪ್ರಿಂಟ್ ಕೊನೆಯಲ್ಲಿ ಇದು ಗೊತ್ತಾದರೆ ಆ ಸ್ಪ್ರಿಂಟ್‌ನಲ್ಲಿ ಸರಿಮಾಡುವುದು ಕಷ್ಟ. ಇದೂ ಆ ಅರ್ಧ ಗಂಟೆಯಲ್ಲಿ ಕೇಳಬೇಕಾದ ಪ್ರಶ್ನೆಯೇ.

ಮನುಷ್ಯರೇ ಮಾಡಬೇಕಾದ ಪರೀಕ್ಷೆ

ಮೇಲಿನ ಟೆಸ್ಟ್‌ಗಳೆಲ್ಲ ನಮಗೆ ಮೊದಲೇ ಹೊಳೆದ ಪ್ರಶ್ನೆಗಳನ್ನು ಕಾಯುತ್ತವೆ. ಹೊಳೆಯದೇ ಇದ್ದದ್ದನ್ನು ಹುಡುಕುವುದು ಎಕ್ಸ್‌ಪ್ಲೊರೇಟರಿ ಟೆಸ್ಟಿಂಗ್. ಅದು ಮನಸ್ಸಿಗೆ ಬಂದಂತೆ ಅಲ್ಲಿ ಇಲ್ಲಿ ಒತ್ತುವುದಲ್ಲ. ಒಂದು ಗುರಿ ಬರೆದುಕೊಳ್ಳಿ, 60ರಿಂದ 90 ನಿಮಿಷ ಇಟ್ಟುಕೊಳ್ಳಿ, ಮಧ್ಯೆ ಫೋನ್ ಮತ್ತು ಚಾಟ್ ಬೇಡ. ಮಾಡಿದ್ದನ್ನು ಮಾಡುತ್ತಲೇ ಟಿಪ್ಪಣಿ ಮಾಡಿ. ಈ ಸ್ಟೋರಿಗೆ ಗುರಿ: ‘ನೆಟ್‌ವರ್ಕ್ ಬಂದು ಹೋಗುವಾಗ ರದ್ದತಿ ಮಾಡಿ, ಹಣ ಮತ್ತು ಸೀಟು ಎರಡೂ ತಾಳೆಯಾಗುತ್ತವೆಯೇ ನೋಡುವುದು.’

ರದ್ದು ಒತ್ತಿದ ತಕ್ಷಣ ಏರ್‌ಪ್ಲೇನ್ ಮೋಡ್ ಹಾಕಿ. ಸ್ಕ್ರೀನ್ ‘ದೋಷ, ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ. ಕೋರಿಕೆ ಸರ್ವರ್ ಮುಟ್ಟಿತೇ? ಡೇಟಾಬೇಸ್‌ನಲ್ಲಿ ಸೀಟಿನ ಸ್ಥಿತಿ ನೋಡಿ, ರಿಫಂಡ್ ಟೇಬಲ್‌ನಲ್ಲಿ ಆ ಟಿಕೆಟ್‌ಗೆ ಎಷ್ಟು ಸಾಲಿದೆ ಎಣಿಸಿ. ನೆಟ್‌ವರ್ಕ್ ಹಾಕಿ ‘ಮತ್ತೆ ಪ್ರಯತ್ನಿಸಿ’ ಒತ್ತಿ, ಮತ್ತೆ ಎಣಿಸಿ. ಎರಡು ಸಾಲಾದರೆ ಎರಡು ಸಲ ಹಣ ಹೋಗಿದೆ. ನಂತರ ಮೊತ್ತ ತೋರಿಸುವ ಪುಟದಲ್ಲಿ 24 ಗಂಟೆಯ ಗಡಿ ದಾಟುವವರೆಗೆ ಕಾದು ಆಮೇಲೆ ಒಪ್ಪಿಗೆ ಒತ್ತಿ. ತೋರಿಸಿದ್ದು 10%, ಕಡಿತವಾದದ್ದು 25% ಆದರೆ ದೂರು ಬರುವುದು ಖಂಡಿತ. ರದ್ದಾದ ಸೀಟನ್ನು ಇನ್ನೊಂದು ಖಾತೆಯಿಂದ ಕೂಡಲೇ ಬುಕ್ ಮಾಡಿ. ಪಕ್ಕದ ಸೀಟಿನಲ್ಲಿ ಒಬ್ಬಂಟಿ ಮಹಿಳೆ ಇದ್ದಾಗ ಅದನ್ನು ಮಹಿಳೆಯರಿಗಷ್ಟೇ ಕೊಡುವ ನಿಯಮ ನಿಮ್ಮ ಆ್ಯಪ್‌ನಲ್ಲಿದ್ದರೆ, ಮೂರರಲ್ಲಿ ಒಂದು ಸೀಟು ರದ್ದಾದ ಮೇಲೆ ಆ ನಿಯಮ ಹೊಸದಾಗಿ ಜಾರಿಯಾಗುತ್ತದೆಯೇ? ಇದನ್ನು ಯಾವ ಸ್ಕ್ರಿಪ್ಟ್ ತಾನಾಗಿ ಕೇಳುವುದಿಲ್ಲ. ನಾಲ್ಕು ವರ್ಷ ಈ ಆ್ಯಪ್ ನೋಡಿದ ನಿಮಗೆ ಹೊಳೆಯುತ್ತದೆ, ನಿಮ್ಮ ಅನುಭವಕ್ಕೆ ಬೆಲೆ ಇರುವುದು ಇಲ್ಲೇ. ಸಿಕ್ಕಿದ ಪ್ರತಿಯೊಂದು ದೋಷವನ್ನೂ ಸಾಧ್ಯವಾದಷ್ಟು ಕೆಳಗಿನ ಪದರದಲ್ಲಿ ಟೆಸ್ಟ್ ಮಾಡಿ ಇಡಿಸಿ.

ಮೂರು ದಿನದ ರಿಗ್ರೆಶನ್ ಏನು ಮಾಡುವುದು?

ಒಂದೇ ಸಲಕ್ಕೆ ಕರಗುವುದಿಲ್ಲ. ಕಳೆದ ಆರು ತಿಂಗಳಲ್ಲಿ ಪ್ರೊಡಕ್ಷನ್‌ನಿಂದ ಬಂದ ಬಗ್‌ಗಳ ಪಟ್ಟಿ ಎದುರಿಗಿಟ್ಟುಕೊಂಡು ನಿಮ್ಮ ಟೆಸ್ಟ್ ಕೇಸ್‌ಗಳನ್ನು ಮೂರು ರಾಶಿ ಮಾಡಿ. ಲೆಕ್ಕ ಮತ್ತು ನಿಯಮ ಪರೀಕ್ಷಿಸುವವು ಯೂನಿಟ್ ಮತ್ತು ಎಪಿಐಗೆ ಇಳಿಯಬೇಕು. ದುಡ್ಡು ತರುವ ನಾಲ್ಕೈದು ಮುಖ್ಯ ದಾರಿಗಳು, ಅಂದರೆ ಹುಡುಕು, ಬುಕ್ ಮಾಡು, ಹಣ ಕೊಡು, ರದ್ದು ಮಾಡು, ಇವು ಸ್ಕ್ರೀನ್ ಟೆಸ್ಟ್ ಆಗಬೇಕು. ಮೂರನೇ ರಾಶಿಯಲ್ಲಿ ಎಂದೂ ಫೇಲ್ ಆಗದ, ಫೇಲ್ ಆದರೂ ಯಾರಿಗೂ ನೋವಾಗದ ಕೇಸ್‌ಗಳು ಇರುತ್ತವೆ. ಅವನ್ನು ಧೈರ್ಯವಾಗಿ ಕೈಬಿಡಿ. ಪ್ರತಿ ಸ್ಪ್ರಿಂಟ್‌ನಲ್ಲಿ ಹತ್ತು ಹನ್ನೆರಡು ಕೇಸ್ ಕೆಳಗಿಳಿಸುವ ಕೆಲಸ ಬ್ಯಾಕ್‌ಲಾಗ್‌ನಲ್ಲೇ (ತಂಡದ ಬಾಕಿ ಕೆಲಸಗಳ ಪಟ್ಟಿಯಲ್ಲೇ) ಇರಲಿ, ಡೆವಲಪರ್‌ಗಳೂ ಅದನ್ನು ಎತ್ತಿಕೊಳ್ಳಲಿ. ಆಟೊಮೇಶನ್‌ಗೆ ಬೇರೆ ತಂಡ ಕಟ್ಟಿದರೆ ಅವರು ಸದಾ ಒಂದು ಸ್ಪ್ರಿಂಟ್ ಹಿಂದೆಯೇ ಇರುತ್ತಾರೆ. ಅಲ್ಲಿಯವರೆಗೆ ಪೂರ್ತಿ ರಿಗ್ರೆಶನ್ ಬದಲು ಈ ಸಲ ಯಾವ ಭಾಗದ ಕೋಡ್ ಬದಲಾಗಿದೆ ಎಂದು ಡೆವಲಪರ್ ಜೊತೆ ಕೂತು ನೋಡಿ, ಅದರ ಸುತ್ತ ಮತ್ತು ಹಣದ ದಾರಿಗಳಲ್ಲಿ ಮಾತ್ರ ಓಡಾಡಿ.

ಕೋಡ್ ಸರಿಯಿದ್ದರೂ ರಿಲೀಸ್ ತಪ್ಪಬಹುದು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವ್ಯವಹಾರ ಸಂಸ್ಥೆ ನೈಟ್ ಕ್ಯಾಪಿಟಲ್‌ನ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಹಳೆಯದೊಂದು ಫ್ಲ್ಯಾಗ್ ಅನ್ನು (ಕೋಡ್‌ನ ಒಂದು ಭಾಗವನ್ನು ಆನ್-ಆಫ್ ಮಾಡುವ ಗುರುತು) ಹೊಸ ಕೆಲಸಕ್ಕೆ ಮರುಬಳಕೆ ಮಾಡಿದ್ದರಿಂದ ಆ ಒಂದು ಸರ್ವರ್‌ನಲ್ಲಿ ಸತ್ತು ಮಲಗಿದ್ದ ಕೋಡ್ ಎದ್ದು, ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು. ರಿಲೀಸ್ ಆದ ಮೇಲೆ ಎಲ್ಲ ಸರ್ವರ್‌ಗಳೂ ಒಂದೇ ಆವೃತ್ತಿ ಹೇಳುತ್ತಿವೆಯೇ ಎಂದು ನೋಡುವ ಎರಡು ನಿಮಿಷದ ಪರೀಕ್ಷೆಯನ್ನು ನಿಮ್ಮ ಸ್ಮೋಕ್ ಟೆಸ್ಟ್‌ಗೆ (ಮುಖ್ಯವಾದದ್ದು ಓಡುತ್ತಿದೆಯೇ ಎಂದು ಬೇಗ ನೋಡುವ ಪರೀಕ್ಷೆ) ಸೇರಿಸಿ.

ಇನ್ನು ಮ್ಯಾನೇಜರ್ ವಿಷಯ. ಯಾರು ಎಷ್ಟು ಬಗ್ ಹಿಡಿದರು ಎಂದು ಎಣಿಸುವ ಪದ್ಧತಿ ಇದ್ದರೆ ಅದನ್ನು ನಿಲ್ಲಿಸಲು ಕೇಳಿ. ಹಾಗೆ ಎಣಿಸಿದರೆ ಮೊದಲೇ ಪ್ರಶ್ನೆ ಕೇಳಿ ಬಗ್ ಹುಟ್ಟದಂತೆ ಮಾಡಿದವರಿಗೆ ಸೊನ್ನೆ ಅಂಕ. ಮುಂದಿನ ಎರಡು ಸ್ಪ್ರಿಂಟ್ ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದಿಡಿ: ಪ್ರತಿ ಸ್ಟೋರಿ ನಿಮ್ಮ ಕೈಗೆ ಬಂದ ದಿನ, ಕಾಲಂನಲ್ಲಿ ಎಷ್ಟು ದಿನ ಕಾಯಿತು, ಸಿಕ್ಕ ಬಗ್ ಕೋಡ್‌ನ ತಪ್ಪೋ ಅಥವಾ ಮೊದಲೇ ಕೇಳಬೇಕಿದ್ದ ಪ್ರಶ್ನೆಯೋ. ರೆಟ್ರೊದಲ್ಲಿ ದೂರು ಹೇಳುವ ಬದಲು ಆ ಹಾಳೆ ಇಡಿ, ಮತ್ತು ಒಂದೇ ಬದಲಾವಣೆ ಕೇಳಿ: ಮುಂದಿನ ಸ್ಪ್ರಿಂಟ್‌ನ ಅತಿ ದೊಡ್ಡ ಸ್ಟೋರಿಗೆ ಅರ್ಧ ಗಂಟೆ ಮೂವರೂ ಕೂರುವುದು.

ನೀವು ಕಲಿಯಬೇಕಾದದ್ದರ ಕ್ರಮ ಹೀಗಿರಲಿ: ಮೊದಲು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ), ಬ್ರೌಸರ್‌ನ ಡೆವಲಪರ್ ಟೂಲ್ಸ್, ಪೋಸ್ಟ್‌ಮ್ಯಾನ್. ಆಮೇಲೆ ಗಿಟ್ (ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಸಾಧನ) ಮತ್ತು ಒಂದು ಪ್ರೋಗ್ರಾಮಿಂಗ್ ಭಾಷೆ. ನಿಮ್ಮ ಡೆವಲಪರ್‌ಗಳು ಬಳಸುವ ಭಾಷೆಯನ್ನೇ ಆರಿಸಿ, ಬರೆದ ಟೆಸ್ಟ್ ಅನ್ನು ಅವರು ರಿವ್ಯೂ ಮಾಡಬಲ್ಲರು, ನೀವು ರಜೆಯಲ್ಲಿದ್ದಾಗ ಸರಿಮಾಡಬಲ್ಲರು. ಮೊದಲ ಅಭ್ಯಾಸಕ್ಕೆ ಬೇರೆ ಎಲ್ಲೂ ಹೋಗಬೇಕಿಲ್ಲ. ಒಂದೇ ಸೀಟಿಗೆ ಎರಡು ರಿಫಂಡ್ ಹೋಗಿರುವ ಟಿಕೆಟ್‌ಗಳನ್ನು ಟೆಸ್ಟ್ ಡೇಟಾಬೇಸ್‌ನಿಂದ ಹುಡುಕಿ ಕೊಡುವ ಒಂದು ಕ್ವೆರಿ ಬರೆಯಿರಿ.